ಶ್ರುತಿ ಹಿಡಿದ ಬೆಳಕು

ಕಳೆದ ಮಳೆಗಾಲ ಮುಗಿಯುತ್ತ ಬಂದಾಗ ಕೋಪರಖೈರಣೆಯ ನಮ್ಮ ಸೆಕ್ಟರಿನ ರಸ್ತೆಯನ್ನು ಮತ್ತೊಮ್ಮೆ ಅಗೆದರು. ಅಗೆದವರು ನೀರಿನ ಕೊಳವೆಗಾಗಿ ಅಗೆದರೋ ಕರೆಂಟಿನ ತಂತಿಗಾಗಿ ಅಗೆದರೋ ನಮಗೆ ತಿಳಿಯದು. ಗುದ್ದಲಿಯ ಒಂದು ಏಟು ನೆಲದೊಳಗಿನ ಸಣ್ಣ ಕೊಳವೆಯೊಂದಕ್ಕೆ ಬಿದ್ದು, ಆ ಸಂಜೆ ಇಡೀ ಕಟ್ಟಡದ ಇಂಟರ್‌ನೆಟ್ ನಿಂತುಹೋದದ್ದು ಮಾತ್ರ ಎಲ್ಲರಿಗೂ ತಿಳಿಯಿತು. ಅಂದು ಭಾನುವಾರ. ಭಾನುವಾರ ಸಂಜೆಯೆಂದರೆ ಗದಗ ಜಿಲ್ಲೆಯ ಹಳ್ಳಿಯಲ್ಲಿರುವ ನಮ್ಮ ತಾಯಿಯವರು ಮೊಮ್ಮಗಳ ಮುಖ ನೋಡಲೆಂದು ಫೋನಿನ ಮುಂದೆ ಕೂಡುವ ಹೊತ್ತು.

ನಾವು ಅತ್ತಿತ್ತ ಓಡಾಡಿ ಚಡಪಡಿಸುತ್ತಿರಲು, ಒಂಬತ್ತು ವರ್ಷದ ಮಗಳು, "ಹೋಗ್ಲಿ ಬಿಡಿ ಅಪ್ಪಾ, ಮುಂದಿನ ವಾರ ಮಾತಾಡೋಣ" ಎಂದಳು. ಆ ಮಾತಿನಲ್ಲಿ ಬೇಸರವಿರಲಿಲ್ಲ. ಪರೀಕ್ಷೆ ಮುಂದೆ ಹೋದ ಹುಡುಗಿಯ ನಿರಾಳವಿತ್ತು. ಅಜ್ಜಿ ಪ್ರತಿ ವಾರವೂ "ಊಟಾ ಆತೇನವಾ?" ಎಂದು ಕೇಳುವರು, ಇವಳು "ಝಾಲಂ" ಎನ್ನುವಳು. ಅಜ್ಜಿಗೆ ಮರಾಠಿ ಬಾರದು. ಇವಳಿಗೆ ಕನ್ನಡ ತಿಳಿಯುತ್ತದೆ, ಆದರೆ ಬಾಯಿಗೆ ಬರುವಾಗ ಎಡವುತ್ತದೆ. ಕಡಿದುಹೋದ ಕೇಬಲ್ಲಿಗಿಂತ ಆ ನಿರಾಳದ ದನಿಯೇ ನಮ್ಮ ಮನಸ್ಸಿಗೆ ಹೆಚ್ಚು ನಾಟಿತು.

ದಸರೆಯ ರಜೆಗೆಂದು ನಮ್ಮ ಅಕ್ಕನ ಮಗ ಬೆಂಗಳೂರಿನಿಂದ ಬಂದಿದ್ದ. ಬೆಳಕಿನಿಂದ ಸುದ್ದಿ ಕಳಿಸುವ ವಿದ್ಯೆಯನ್ನೇ ಓದುತ್ತಿರುವ ಹುಡುಗ. ಅವನು ಕೆಳಗಿಳಿದು ಹೋಗಿ, ತಗ್ಗಿನಿಂದ ಗೇಣುದ್ದದ ಒಂದು ತುಂಡನ್ನು ತಂದು ಮೇಜಿನ ಮೇಲಿಟ್ಟ. ಮೇಲಿನ ಕಪ್ಪು ಹೊದಿಕೆ ಸುಲಿದರೆ ಒಳಗೆ ಬಣ್ಣಬಣ್ಣದ ನೂಲು. ಆ ಬಣ್ಣವನ್ನೂ ಕೆರೆದರೆ ಕೂದಲೆಳೆಯಂಥ ಗಾಜು. "ಅಜ್ಜಿ ಇದರಾಗಿಂದನ ಬರ್ತಾಳ ನೋಡ್ರಿ ಮಾಮಾ" ಎಂದ. ಅಂದು ರಾತ್ರಿ ಅವನು ಹೇಳಿದ ಸಂಗತಿಗಳನ್ನೂ, ಆ ಬಳಿಕ ನಾವಾಗಿ ಓದಿ ತಿಳಿದುಕೊಂಡದ್ದನ್ನೂ ಸೇರಿಸಿ ಈ ಲೇಖನ ಬರೆದಿದ್ದೇವೆ. ಬಿ.ಎ. ಓದಿ ಕಚೇರಿಯ ಕಡತಗಳಲ್ಲಿ ದಿನ ಕಳೆಯುವ ನಮಗೆ ತಿಳಿದದ್ದು ವಾಚಕರಿಗೂ ತಿಳಿದೀತೆಂಬ ಧೈರ್ಯ ನಮ್ಮದು.

ಗಾಜಿನ ಎಳೆ

ಗಾಜಿನ ಎಳೆಯಲ್ಲಿ ಬೆಳಕನ್ನು ಬಾಗಿಸಿ ಒಯ್ಯಬಹುದೆಂದು ತೋರಿಸಿದವರಲ್ಲಿ ನಮ್ಮ ದೇಶದವರೇ ಆದ ನರಿಂದರ್ ಸಿಂಗ್ ಕಪಾನಿಯವರು ಮುಖ್ಯರು. ಪಂಜಾಬಿನ ಮೋಗಾದಲ್ಲಿ ಹುಟ್ಟಿದ ಅವರು, ೧೯೫೪ರಲ್ಲಿ ಲಂಡನ್ನಿನಲ್ಲಿ ಹಾಪ್‌ಕಿನ್ಸರೊಡಗೂಡಿ, ಎಳೆಗಳ ಕಂತೆಯ ಮೂಲಕ ಚಿತ್ರ ಸಾಗಿಸಿದ ವಿವರವನ್ನು ಪ್ರಕಟಿಸಿದರು. ಆದರೆ ಅಂದಿನ ಗಾಜಿನಲ್ಲಿ ಬೆಳಕು ಕೆಲವು ಮಾರು ಹೋಗುವಷ್ಟರಲ್ಲಿ ಸೊರಗಿಹೋಗುತ್ತಿತ್ತು. ೧೯೬೬ರಲ್ಲಿ ಚಾರ್ಲ್ಸ್ ಕಾವೋ ಎಂಬವರು, ತಪ್ಪು ಗಾಜಿನದಲ್ಲ, ಅದರೊಳಗಿನ ಕಲ್ಮಶದ್ದು. ಅದನ್ನು ತೆಗೆದರೆ ಒಂದು ಕಿಲೋಮೀಟರು ಹೋದ ಮೇಲೂ ನೂರರಲ್ಲಿ ಒಂದು ಪಾಲು ಬೆಳಕು ಉಳಿದೀತು, ಅಷ್ಟಾದರೆ ಟೆಲಿಫೋನಿಗೆ ಸಾಕು ಎಂದು ಸಾರಿದರು. ನಾಲ್ಕೇ ವರ್ಷಗಳಲ್ಲಿ, ೧೯೭೦ರಲ್ಲಿ, ಅಮೆರಿಕದ ಕಾರ್ನಿಂಗ್ ಕಂಪನಿಯವರು ಅದನ್ನು ಮಾಡಿ ತೋರಿಸಿದರು. ಇಂದು ಒಳ್ಳೆಯ ಎಳೆಯಲ್ಲಿ ಅದೇ ನೂರರಲ್ಲೊಂದು ಪಾಲು ಉಳಿಯುವುದು ನೂರು ಕಿಲೋಮೀಟರು ಸಾಗಿದ ಮೇಲೆ! ಕಾವೋ ಅವರಿಗೆ ೨೦೦೯ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು.

ನಮ್ಮ ದೇಶದಲ್ಲಿ ಈ ಎಳೆ ಟೆಲಿಫೋನು ಕೇಂದ್ರಗಳ ನಡುವೆ ಕೆಲಸಕ್ಕೆ ನಿಂತದ್ದು ೧೯೭೯ರಲ್ಲಿ, ಘಟ್ಟದ ಆಚೆಯ ಪುಣೆಯಲ್ಲಿ. ೧೯೯೪ರಲ್ಲಿ ಸೀ-ಮಿ-ವಿ-೨ ಎಂಬ ಕೇಬಲ್ಲೂ, ೧೯೯೭ರಲ್ಲಿ ಇಂಗ್ಲೆಂಡಿನಿಂದ ಜಪಾನಿನವರೆಗೆ ಹಾಸಿದ ಫ್ಲ್ಯಾಗ್ ಎಂಬ ಕೇಬಲ್ಲೂ ಸಮುದ್ರದಡಿಯಿಂದ ಬಂದು ಮುಂಬಯಿಯ ದಡ ಹತ್ತಿದವು. ನಮ್ಮ ನೆರೆಯ ಮಹಾಪೆ, ರಬಾಳೆ, ಐರೋಲಿಗಳಲ್ಲಿ, ಹಿಂದೆ ರಾಸಾಯನಿಕ ಕಾರಖಾನೆಗಳ ಹೊಗೆಗೆ ಹೆಸರಾಗಿದ್ದ ಥಾಣೆ-ಬೇಲಾಪುರ ರಸ್ತೆಯ ಎರಡೂ ಮಗ್ಗುಲಲ್ಲಿ, ಈಗ ಕಿಟಕಿಯಿಲ್ಲದ ದೊಡ್ಡ ದೊಡ್ಡ ಕಟ್ಟಡಗಳೆದ್ದಿವೆಯಲ್ಲವೇ? ಅವುಗಳಲ್ಲಿ ಹಲವು ಡೇಟಾ ಸೆಂಟರುಗಳು. ಲೋಕಲ್ ಗಾಡಿಯಲ್ಲಿ ದಿನವೂ ಅವುಗಳ ಮುಂದೆ ಹಾದುಹೋಗುವ ನಮಗೆ, ಆ ಗೋಡೆಗಳೊಳಗೆ ಅಸಂಖ್ಯ ಸಣ್ಣ ದೀಪಗಳು ಹಗಲೂ ಇರುಳೂ ಮಿನುಗುತ್ತಿವೆಯೆಂಬ ಅರಿವೇ ಇರಲಿಲ್ಲ.

ಸಾಸಿವೆಗಿಂತ ಸಣ್ಣ ದೀಪ

ಆ ದೀಪಕ್ಕೆ ಲೇಸರ್ ಡಯೋಡ್ ಎಂದು ಹೆಸರು. ಸಾಸಿವೆ ಕಾಳಿಗಿಂತಲೂ ಸಣ್ಣದಾದ ಹರಳಿನ ತುಣುಕು. ೧೯೬೨ರಲ್ಲಿ ಅಮೆರಿಕದ ರಾಬರ್ಟ್ ಹಾಲ್ ಎಂಬವರು ಮೊದಲು ಬೆಳಗಿಸಿದಾಗ ಅದನ್ನು ದ್ರವ ನೈಟ್ರೋಜನ್ನಿನ ಕೊರೆಯುವ ತಂಪಿನಲ್ಲಿ ಇಡಬೇಕಾಗಿತ್ತು. ಕೋಣೆಯ ಸಾಮಾನ್ಯ ಬಿಸುಪಿನಲ್ಲಿ ಎಡೆಬಿಡದೆ ಬೆಳಗುವ ಡಯೋಡನ್ನು ೧೯೭೦ರಲ್ಲಿ ಲೆನಿನ್‌ಗ್ರಾಡಿನ ಆಲ್ಫೆರೋವ್ ಮತ್ತು ಅವರ ಸಂಗಡಿಗರೂ, ಅಮೆರಿಕದ ಬೆಲ್ ಪ್ರಯೋಗಶಾಲೆಯ ಹಯಾಶಿ, ಪ್ಯಾನಿಶ್ ಎಂಬವರೂ ಬೇರೆಬೇರೆಯಾಗಿ ಸಾಧಿಸಿದರು. ಗಾಜಿನ ಎಳೆಯೂ ಅದಕ್ಕೆ ಬೇಕಾದ ದೀಪವೂ ಒಂದೇ ವರ್ಷದಲ್ಲಿ ಸಿದ್ಧವಾದದ್ದು ವಿಜ್ಞಾನದ ಸುದೈವವೆನ್ನಬೇಕು.

ಹರಳಿನ ಎರಡು ಸೀಳುಮುಖಗಳೇ ಎರಡು ಕನ್ನಡಿಗಳು. ವಿದ್ಯುತ್ತು ಹರಿಸಿದರೆ ಒಳಗಿನ ಎಲೆಕ್ಟ್ರಾನುಗಳು ಶಕ್ತಿ ತುಂಬಿಕೊಂಡು ಕಾದುನಿಲ್ಲುತ್ತವೆ. ಬೆಳಕಿನ ಒಂದು ಕಣ ಅವುಗಳ ಪಕ್ಕದಲ್ಲಿ ಹಾದುಹೋದರೆ, ಕಾದುನಿಂತದ್ದು ತನ್ನ ಶಕ್ತಿಯನ್ನು ತಂದು ಅದೇ ಅಚ್ಚಿನ ಇನ್ನೊಂದು ಕಣವನ್ನು ಹೊರಹಾಕುತ್ತದೆ. ಬಣ್ಣವೂ ಅದೇ, ಏರಿಳಿತದ ಹೆಜ್ಜೆಯೂ ಅದೇ. ಹೀಗಾಗಬಹುದೆಂದು ಐನ್‌ಸ್ಟೈನರು ೧೯೧೭ರಷ್ಟು ಹಿಂದೆಯೇ ಹೇಳಿದ್ದರು. ಒಂದು ಎರಡಾಗಿ, ಎರಡು ನಾಲ್ಕಾಗಿ, ಕನ್ನಡಿಗಳ ನಡುವೆ ಬೆಳಕು ಕೂಡಿಕೊಳ್ಳುತ್ತದೆ.

ಈ ಬೆಳಕು ನಮ್ಮ ಕಣ್ಣಿಗೆ ಕಾಣುವಂಥದಲ್ಲ, ಕೆಂಪಿಗಿಂತ ಕೆಳಗಿನದು. ಆದರೂ ಮಾತಿನ ಅನುಕೂಲಕ್ಕೆ 'ಬಣ್ಣ' ಎನ್ನೋಣ. ದೂರದ ಮಾರ್ಗಗಳಲ್ಲಿ ಬಳಸುವ ಬಣ್ಣ ಸೆಕೆಂಡಿಗೆ ಸುಮಾರು ೧೯೩ ಲಕ್ಷ ಕೋಟಿ ಸಲ ಕಂಪಿಸುತ್ತದೆ. ಒಂದೇ ಎಳೆಯಲ್ಲಿ ಹತ್ತಾರು ಬಣ್ಣಗಳನ್ನು ಒಟ್ಟಿಗೆ ಕಳಿಸಿ, ಒಂದೊಂದು ಬಣ್ಣಕ್ಕೂ ಬೇರೆ ಬೇರೆ ಸುದ್ದಿಯನ್ನು ಹೊರಿಸುತ್ತಾರೆ. ಒಂದು ಬಣ್ಣಕ್ಕೂ ಮುಂದಿನದಕ್ಕೂ ಇರುವ ಅಂತರ ಅನೇಕ ಕಡೆ ೦.೮ ನ್ಯಾನೊಮೀಟರು, ಅಂದರೆ ಒಂದು ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಪಾಲಿಗಿಂತಲೂ ಕಡಿಮೆ.

ತೊಡಕು ಇರುವುದು ಇಲ್ಲಿಯೇ. ಸೋವಿಯ ಡಯೋಡು ಒಂದೇ ಬಣ್ಣ ಹಾಡುವುದಿಲ್ಲ. ಅಕ್ಕಪಕ್ಕದ ಹಲವು ಬಣ್ಣಗಳನ್ನು ಒಟ್ಟಿಗೆ ಗುನುಗುತ್ತದೆ. ಒಂದೇ ಬಣ್ಣ ಹಾಡುವಂತೆ ಕಟ್ಟಿದ ತುಟ್ಟಿಯ ಡಯೋಡೂ ಬಿಸಿಲೇರಿದಂತೆ ಶ್ರುತಿ ಬದಲಿಸುತ್ತದೆ: ಒಂದು ಡಿಗ್ರಿಗೆ ಸುಮಾರು ೦.೧ ನ್ಯಾನೊಮೀಟರು. ಎಂಟು ಡಿಗ್ರಿ ಏರಿತೆಂದರೆ ನೆರೆಯವನ ಮನೆಗೇ ನುಗ್ಗಿದಂತಾಯಿತು! ನಮ್ಮ ಊರಿನ ಡಿಸೆಂಬರ್ ಬೆಳಗಿಗೂ ಮೇ ಮಧ್ಯಾಹ್ನಕ್ಕೂ ಇರುವ ವ್ಯತ್ಯಾಸವನ್ನು ವಾಚಕರು ಬಲ್ಲರು. ಆದುದರಿಂದ ಅಂಥ ಡಯೋಡನ್ನು ತಂಪಾಗಿಡಲು ಮತ್ತೊಂದು ಯಂತ್ರ, ಅದನ್ನು ಕಾಯಲು ಇನ್ನೊಂದು. ಮನೆಮನೆಗೆ ಇಷ್ಟೆಲ್ಲ ಕೊಡುವುದೆಂದರೆ ಬಡವರ ಮಾತಲ್ಲ.

ಹಾಸಿಗೆ ಹಿಡಿದವರು ಕಂಡ ಸೋಜಿಗ

ಇದಕ್ಕೆ ಉಪಾಯವೊಂದಿದೆ, ಅದರ ಹೆಸರು 'ಇಂಜೆಕ್ಷನ್ ಲಾಕಿಂಗ್' ಎಂದು ಹುಡುಗ ಹೇಳಿದಾಗ, ಒಳಗಿನಿಂದ ನಮ್ಮ ಮನೆಯವರು, "ಬೆಳಕಿಗೂ ಜ್ವರ ಬರ್ತದೇನು, ಸೂಜಿ ಚುಚ್ಚಾಕ?" ಎಂದು ಕೇಳಿದರು. ಸೂಜಿಯೇನೋ ಅಲ್ಲ, ಆದರೆ ಚುಚ್ಚುವುದು ನಿಜ. ಶುದ್ಧ ಶ್ರುತಿಯ ಒಂದು ಲೇಸರಿನಿಂದ ಸ್ವಲ್ಪವೇ ಬೆಳಕನ್ನು ತೆಗೆದು, ಮತ್ತೊಂದು ಲೇಸರಿನ ಒಡಲೊಳಗೆ ಬಿಡುವುದು. ಬಿಟ್ಟರೆ, ಆ ಎರಡನೆಯದು ತನ್ನ ಶ್ರುತಿ ಬಿಟ್ಟು ಮೊದಲನೆಯದರ ಶ್ರುತಿಯನ್ನೇ ಹಿಡಿದು ಬೆಳಗತೊಡಗುತ್ತದೆ. ಮೊದಲನೆಯದನ್ನು ಗುರು ಎಂದೂ ಎರಡನೆಯದನ್ನು ಶಿಷ್ಯ ಎಂದೂ ಕರೆಯೋಣ.

ಈ ಸೋಜಿಗವನ್ನು ಮೊದಲು ಕಂಡು ಬರೆದಿಟ್ಟವರು ಹಾಲೆಂಡಿನ ಹಾಯ್ಗೆನ್ಸರು. ಲೋಲಕದ ಗಡಿಯಾರವನ್ನು ನಿರ್ಮಿಸಿದ ಮಹಾನುಭಾವರು ಇವರೇ. ೧೬೬೫ರ ಫೆಬ್ರವರಿಯಲ್ಲಿ ಅನಾರೋಗ್ಯದಿಂದ ಹಾಸಿಗೆ ಹಿಡಿದಿದ್ದಾಗ, ಒಂದೇ ತೊಲೆಗೆ ತೂಗುಹಾಕಿದ ಎರಡು ಗಡಿಯಾರಗಳ ಲೋಲಕಗಳು ಹೆಜ್ಜೆ ತಪ್ಪದೆ, ಒಂದು ಎಡಕ್ಕೆ ಹೋದರೆ ಇನ್ನೊಂದು ಬಲಕ್ಕೆ, ಹೀಗೆ ತೂಗುತ್ತಿರುವುದನ್ನು ಅವರು ಕಂಡರು. ಬೇಕೆಂದೇ ಕೆಡಿಸಿದರೂ ಅರ್ಧ ಗಂಟೆಯೊಳಗೆ ಮತ್ತೆ ಹೊಂದಿಕೊಳ್ಳುತ್ತಿದ್ದವು. ಕಣ್ಣಿಗೆ ಕಾಣದಷ್ಟು ಅಲುಗುತ್ತಿದ್ದ ಆ ತೊಲೆಯೇ ಒಂದರ ಸುದ್ದಿಯನ್ನು ಇನ್ನೊಂದಕ್ಕೆ ಮುಟ್ಟಿಸುತ್ತಿತ್ತು.

ಇದಕ್ಕೆ ಗಣಿತದ ಕಟ್ಟು ಹಾಕಿದವರು ರಾಬರ್ಟ್ ಆಡ್ಲರ್. ವಿಯೆನ್ನಾದಲ್ಲಿ ಹುಟ್ಟಿ ಅಮೆರಿಕ ಸೇರಿದ ಇವರು, ಟೆಲಿವಿಷನ್ನನ್ನು ಕುಳಿತಲ್ಲಿಂದಲೇ ನಡೆಸುವ ರಿಮೋಟನ್ನು ರೂಪಿಸಿದವರಲ್ಲಿ ಒಬ್ಬರೆಂದು ಹೆಸರಾದವರು. ೧೯೪೬ರಲ್ಲಿ ಅವರು ರೇಡಿಯೋ ಆಂದೋಲಕಗಳ ವಿಷಯದಲ್ಲಿ ಕಂಡುಹಿಡಿದ ನಿಯಮದಲ್ಲಿ ಎರಡು ಮಾತುಗಳಿವೆ. ಮೊದಲನೆಯದು, ಗುರುವಿನ ಶ್ರುತಿಗೂ ಶಿಷ್ಯನ ಸ್ವಂತ ಶ್ರುತಿಗೂ ಅಂತರ ಒಂದು ಮಿತಿಯೊಳಗಿದ್ದರೆ ಮಾತ್ರ ಶಿಷ್ಯ ಶ್ರುತಿ ಹಿಡಿಯುತ್ತಾನೆ. ಮಿತಿ ಮೀರಿದರೆ ತನ್ನ ಪಾಡಿಗೆ ತಾನು ಹಾಡುತ್ತಾನೆ. ಎರಡನೆಯದು, ಒಳಬಿಡುವ ಶಕ್ತಿಯನ್ನು ನಾಲ್ಕು ಪಟ್ಟು ಮಾಡಿದರೆ ಈ ಮಿತಿ ಎರಡು ಪಟ್ಟು ಅಗಲವಾಗುತ್ತದೆ.

ಬೆಳಕಿಗೂ ಇದು ಸಲ್ಲುತ್ತದೆಂದು ೧೯೬೬ರಲ್ಲಿ ಬೆಲ್ ಪ್ರಯೋಗಶಾಲೆಯ ಸ್ಟೋವರ್ ಮತ್ತು ಸ್ಟೈಯರ್ ಎಂಬವರು ಎರಡು ಹೀಲಿಯಂ-ನಿಯಾನ್ ಲೇಸರುಗಳಿಂದ ತೋರಿಸಿದರು. ೧೯೮೦ರ ಸುಮಾರಿಗೆ ಜಪಾನಿನ ಕೋಬಯಾಶಿ ಮತ್ತು ಕಿಮೂರರು ಡಯೋಡ್ ಲೇಸರುಗಳಲ್ಲಿಯೂ ಅದನ್ನು ಸಾಧಿಸಿದರು.

ತಂಬೂರಿಯ ಪಾಠ

"ಇದು ತಂಬೂರಿಯ ತಂತಿ ಅನುರಣಿಸಿದಂಗೇನೋ?" ಎಂದು ನಾವು ಕೇಳಿದೆವು. ಗದಗಿನ ಮಗ್ಗುಲಲ್ಲಿ ಬೆಳೆದು, ವೀರೇಶ್ವರ ಪುಣ್ಯಾಶ್ರಮದ ಅಂಗಳದಲ್ಲಿ ಬಾಲ್ಯದ ಎಷ್ಟೋ ಸಂಜೆಗಳನ್ನು ಕಳೆದವರಿಗೆ ಬೇರೆ ಹೋಲಿಕೆ ಹೊಳೆಯುವುದಾದರೂ ಹೇಗೆ?

"ಅಲ್ಲ ಮಾಮಾ. ತಂತಿ ತಾನಾಗಿ ಹಾಡೂದಿಲ್ಲ. ಬ್ಯಾರೇದು ಮಿಡಿದರ ಮಿಡೀತದ, ಅದು ನಿಂತರ ಇದೂ ಸುಮ್ಮನಾಗ್ತದ. ಇಲ್ಲಿ ಇಬ್ಬರೂ ಹಾಡವರ. ತಂಬೂರಿ ಕೇಳಕೋತ ಹಾಡೋ ಹುಡುಗನ ಹಂಗ ಅಂತ ತಿಳೀರಿ. ದನಿ ಅವಂದು, ಉಸಿರು ಅವಂದು, ಶ್ರುತಿ ಅಷ್ಟ ತಂಬೂರೀದು" ಎಂದ.

ಈ ಭೇದ ಮುಖ್ಯವಾದುದು. ಶಿಷ್ಯ ಲೇಸರಿನ ಬೆಳಕೆಲ್ಲ ಅದರದೇ ವಿದ್ಯುತ್ತಿನಿಂದ ಬಂದದ್ದು. ಗುರುವಿನಿಂದ ಬಂದ ಪಾಲು ಅದರ ನೂರರಲ್ಲೊಂದೋ ಸಾವಿರದಲ್ಲೊಂದೋ ಇದ್ದರೂ ಸಾಕಾದೀತು. ಅಷ್ಟು ಸ್ವಲ್ಪದಿಂದ ಇಷ್ಟು ದೊಡ್ಡ ಕೆಲಸ ಹೇಗಾಗುತ್ತದೆ? ಊಟದ ಪಂಕ್ತಿಯನ್ನು ನೆನೆದುಕೊಳ್ಳಿರಿ. ಬಡಿಸುವ ಪಾತ್ರೆ ಒಂದೇ. ಅದರಲ್ಲಿರುವ ಅನ್ನಕ್ಕೂ ಅಳತೆಯಿದೆ. ಡಯೋಡಿನೊಳಗೆ ಕಾದುನಿಂತ ಎಲೆಕ್ಟ್ರಾನುಗಳೇ ಆ ಅನ್ನ. ಹೊರಗಿನಿಂದ ಬಂದ ಬಣ್ಣಕ್ಕೆ ಬರುವಾಗಲೇ ಕೈಯಲ್ಲಿ ಬಂಡವಾಳವಿರುವುದರಿಂದ ಅದು ಬೇಗಬೇಗ ತನ್ನ ಪಡಿಯಚ್ಚುಗಳನ್ನು ಮಾಡಿಸಿಕೊಳ್ಳುತ್ತದೆ. ಪಾತ್ರೆ ಅಷ್ಟರಮಟ್ಟಿಗೆ ತಗ್ಗುತ್ತದೆ; ಡಯೋಡಿನ ಸ್ವಂತ ಬಣ್ಣಗಳಿಗೆ ಸಾಲದಾಗಿ ಅವು ಒಂದೊಂದೇ ಎದ್ದುಹೋಗುತ್ತವೆ. ಕಡೆಗೆ ಪಂಕ್ತಿಯಲ್ಲಿ ಉಳಿಯುವುದು ಗುರುವಿನ ಬಣ್ಣ ಒಂದೇ.

ಇನ್ನೊಂದು ಸ್ವಾರಸ್ಯವಿದೆ. ಎಲೆಕ್ಟ್ರಾನುಗಳು ತಗ್ಗಿದಾಗ ಹರಳಿನಲ್ಲಿ ಬೆಳಕು ಬಾಗುವ ಪ್ರಮಾಣವೂ ಸ್ವಲ್ಪ ಬದಲಾಗಿ, ಡಯೋಡಿನ ಸ್ವಂತ ಶ್ರುತಿಯೇ ಕೆಳಗಿಳಿಯುತ್ತದೆ. ಆದ್ದರಿಂದ ಗುರುವಿನ ಶ್ರುತಿ ತನ್ನದಕ್ಕಿಂತ ಕೆಳಗಿದ್ದರೆ ಶಿಷ್ಯನು ಸುಲಭವಾಗಿ ಹೊಂದಿಕೊಳ್ಳುತ್ತಾನೆ, ಮೇಲಿದ್ದರೆ ಕಷ್ಟ. ೧೯೮೨ರಲ್ಲಿ ರಾಯ್ ಲ್ಯಾಂಗ್ ಎಂಬವರು ಇದನ್ನು ಲೆಕ್ಕ ಹಾಕಿ ವಿವರಿಸಿದರು. ಗುರುವಿನ ಬೆಳಕು ಶಿಷ್ಯನೊಳಗೆ ಹೋಗಬೇಕೇ ವಿನಾ ಶಿಷ್ಯನ ಬೆಳಕು ತಿರುಗಿ ಬಂದು ಗುರುವನ್ನು ಕೆಣಕಬಾರದು. ಅದಕ್ಕಾಗಿ ಒಮ್ಮುಖದ ಬಾಗಿಲೊಂದನ್ನು ನಡುವೆ ಇಡುತ್ತಾರೆ. ಅಯಸ್ಕಾಂತ ಬೆಳಕಿನ ಕಂಪನದ ದಿಕ್ಕನ್ನು ತಿರುಗಿಸುತ್ತದೆಂದು ಫ್ಯಾರಡೆಯವರು ೧೮೪೫ರಲ್ಲಿ ಕಂಡುಹಿಡಿದದ್ದೇ ಈ ಬಾಗಿಲಿನ ಆಧಾರ.

ಇದರಿಂದ ಏನು ಪ್ರಯೋಜನ?

ಮೊದಲನೆಯದು, ಸೋವಿಯ ಡಯೋಡು ತುಟ್ಟಿಯದರಂತೆ ಕೆಲಸ ಮಾಡುವುದು. ೨೦೦೦ದಲ್ಲಿ ದಕ್ಷಿಣ ಕೊರಿಯದ ಕೈಸ್ಟ್ ಸಂಸ್ಥೆಯ ವಿಜ್ಞಾನಿಗಳು ಹಲವು ಬಣ್ಣ ಬೆರೆತ ಬೆಳಕನ್ನು ಹೋಳು ಮಾಡಿ, ಒಂದೊಂದು ಹೋಳನ್ನು ಒಂದೊಂದು ಸೋವಿಯ ಡಯೋಡಿಗೆ ಕಳಿಸುವ ಬಗೆಯನ್ನು ಪ್ರಕಟಿಸಿದರು. ಎಲ್ಲ ಮನೆಗಳಿಗೂ ಒಂದೇ ನಮೂನೆಯ ಡಯೋಡು. ಯಾವ ಮನೆಗೆ ಯಾವ ಹೋಳು ಬರುವುದೋ ಆ ಮನೆಯದು ಆ ಬಣ್ಣದಲ್ಲಿ ಮರುನುಡಿಯುತ್ತದೆ. ನಮ್ಮ ಮನೆಗಳಲ್ಲಿ ಸಾಮಾನ್ಯವಾಗಿ ಇರುವ ಏರ್ಪಾಡು ಇದಲ್ಲವೆಂಬುದನ್ನೂ ಹೇಳಬೇಕು. ಇಲ್ಲಿ ಹೆಚ್ಚಾಗಿ ಒಂದೇ ಎಳೆಯ ಬೆಳಕನ್ನು ಮೂವತ್ತೆರಡೋ ಅರವತ್ತನಾಲ್ಕೋ ಮನೆಗಳಿಗೆ ಹಂಚಿ, ಒಬ್ಬೊಬ್ಬರು ತಮ್ಮ ತಮ್ಮ ಸರದಿ ಬಂದಾಗ ಮಾತಾಡುವ ಕ್ರಮವಿದೆ, ಚಾಳಿನ ನಲ್ಲಿಯಂತೆ. ಮನೆಗೊಂದು ಬಣ್ಣ ಎಂದರೆ ಮನೆಗೊಂದು ನಲ್ಲಿ ಬಂದ ಹಾಗೆ.

ಎರಡನೆಯದು ವೇಗ. ಡಯೋಡನ್ನು ಬಹಳ ಬೇಗ ಮಿನುಗಿಸಹೋದರೆ ಅದು ತಡವರಿಸುತ್ತದೆ, ಬಣ್ಣವೂ ನಡುಗುತ್ತದೆ. ಗುರುವಿನ ಬೆಳಕು ಬಲವಾಗಿ ಒಳಗಿದ್ದರೆ ನಡುಕ ತಗ್ಗಿ ವೇಗ ಏರುತ್ತದೆ. ೨೦೦೮ರಲ್ಲಿ ಕ್ಯಾಲಿಫೋರ್ನಿಯದ ಬರ್ಕ್ಲಿಯ ಸಂಶೋಧಕರು ಹೀಗೆ ಡಯೋಡಿನ ಸಹಜ ಮಿಡಿತವನ್ನು ಸೆಕೆಂಡಿಗೆ ಹತ್ತು ಸಾವಿರ ಕೋಟಿಗೂ ಮೇಲಕ್ಕೇರಿಸಿದರು.

ಮೂರನೆಯದು, ದೂರದಿಂದ ಬಂದು ಬಳಲಿದ ಬೆಳಕನ್ನು ತಾಜಾ ಲೇಸರೊಂದಕ್ಕೆ ಚುಚ್ಚಿ, ಅದೇ ಶ್ರುತಿಯ ಗಟ್ಟಿ ಬೆಳಕನ್ನು ಪಡೆಯುವುದು. ಅಲೆಯ ಏರಿಳಿತದಲ್ಲಿಯೇ ಸುದ್ದಿ ಅಡಗಿಸುವ ಹೊಸ ಪದ್ಧತಿಗಳಲ್ಲಿ ಹೋಲಿಸಿನೋಡಲು ಇಂಥ ಶುದ್ಧ ಬೆಳಕು ಬೇಕಾಗುತ್ತದೆ. ಡೇಟಾ ಸೆಂಟರುಗಳ ಒಳಗಣ ಕೊಂಡಿಗಳಿಗೆ ಇವನ್ನು ಒಗ್ಗಿಸುವ ಸಂಶೋಧನೆ ಜಗತ್ತಿನ ಹಲವೆಡೆ ನಡೆದಿದೆ.

ಈ ವಿದ್ಯೆಯ ಮನೆತನದಲ್ಲಿ ಕನ್ನಡನಾಡಿಗೂ ಪಾಲಿದೆ. ೧೯೪೮ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿ, ಬೆರಳಿಟ್ಟು ತಿರುಗಿಸುವ ಕಪ್ಪು ಟೆಲಿಫೋನನ್ನು ಮನೆಮಾತಾಗಿಸಿದ ಐ.ಟಿ.ಐ. ಕಾರಖಾನೆ ಮುಂದೆ ಗಾಜಿನ ಎಳೆಯ ಉಪಕರಣಗಳಿಗೂ ಕೈ ಹಾಕಿತು; ೨೦೦೦ದಲ್ಲಿ ಅಲ್ಲಿಯೇ ಆರಂಭವಾದ ತೇಜಸ್ ನೆಟ್‌ವರ್ಕ್ಸ್ ಬೆಳಕಿನ ಸಂಪರ್ಕದ ಯಂತ್ರಗಳನ್ನು ಮಾಡುತ್ತಿದೆ. ಗ್ರಾಮಪಂಚಾಯಿತಿಗಳವರೆಗೆ ಗಾಜಿನ ಎಳೆ ಮುಟ್ಟಿಸುವ ಯೋಜನೆಗೆ ಕೇಂದ್ರ ಸರಕಾರ ೨೦೧೧ರಲ್ಲಿ ಒಪ್ಪಿಗೆ ನೀಡಿತು. ಅದಕ್ಕೆ ಈಗ ಭಾರತ್‌ನೆಟ್ ಎಂದು ಹೆಸರು.

ಗುರು ಸುಮ್ಮನಾದರೆ?

ರಾತ್ರಿ ಹನ್ನೊಂದಾಗಿತ್ತು. ಏಳುವ ಮೊದಲು ನಾವು ಒಂದು ಪ್ರಶ್ನೆ ಕೇಳಿದೆವು: "ಒಮ್ಮೆ ಶ್ರುತಿ ಹಿಡಿದ ಮ್ಯಾಲೆ ಗುರುವಿನ ಬೆಳಕು ತಗದ್ರ?"

"ಆ ಕ್ಷಣಕ್ಕ ಬಿಟ್ಟುಬಿಡ್ತದ ಮಾಮಾ. ತನ್ನ ಹಳೇ ಗುನುಗಿಗೆ ಹೋಗ್ತದ. ಬೆಳಕು ಸಣ್ಣದಿದ್ರೂ ನಡೀತದ, ಬಿಡಲಾರದ ಇರಬೇಕು."

ಈ ಮಾತು ನಮ್ಮನ್ನು ಬಹಳ ಹೊತ್ತು ನಿದ್ದೆಗೊಡಲಿಲ್ಲ. ಶಾಲೆಯಲ್ಲಿ ಇಂಗ್ಲಿಷು, ಮೈದಾನದಲ್ಲಿ ಮರಾಠಿ, ಮೆಟ್ಟಿಲ ಮೇಲೆ ಹಿಂದಿ: ನಮ್ಮ ಮಕ್ಕಳೊಳಗೆ ದಿನವಿಡೀ ಬೆಳಕು ಬೀಳುತ್ತಲೇ ಇದೆ. ಅದರಲ್ಲಿ ತಪ್ಪೇನೂ ಇಲ್ಲ. ಅನ್ನ ಕೊಟ್ಟ ನೆಲದ ನುಡಿ ಅವರಿಗೆ ಬರಲೇಬೇಕು. ಮಕ್ಕಳು ಹರಳಿನ ತುಣುಕುಗಳೂ ಅಲ್ಲ. ನಾಲ್ಕು ಶ್ರುತಿಗಳನ್ನು ಒಟ್ಟಿಗೆ ಹಿಡಿಯಬಲ್ಲರು. ಆದರೆ ಕನ್ನಡದ ಬೆಳಕನ್ನು ನಾವು ಎಷ್ಟು ಬಿಟ್ಟಿದ್ದೆವು? ವಾರಕ್ಕೊಮ್ಮೆ ಹತ್ತು ನಿಮಿಷ, ಅದೂ ಅಜ್ಜಿಯ ಕಡೆಯಿಂದ. ಕಚೇರಿಯಿಂದ ದಣಿದು ಬಂದ ನಾವು ಮಗಳೊಡನೆ ಆಡುತ್ತಿದ್ದ ನಾಲ್ಕು ಮಾತಿನಲ್ಲಿ ಎರಡು ಹಿಂದಿ. ತಪ್ಪು ಮಗುವಿನದಲ್ಲವೆಂಬುದು ಆ ರಾತ್ರಿ ಸ್ಪಷ್ಟವಾಯಿತು.

ಮೂರನೆಯ ದಿನ ಇಬ್ಬರು ಹುಡುಗರು ಬಂದು, ತಗ್ಗಿನ ಬದಿಯಲ್ಲಿ ಕೊಡೆ ಹಿಡಿದು ಕುಳಿತು, ಕಡಿದ ಎಳೆಗಳ ತುದಿಗಳನ್ನು ಸಣ್ಣದೊಂದು ಯಂತ್ರದಲ್ಲಿ ಕರಗಿಸಿ ಬೆಸೆದುಹೋದರು. ಅಂದಿನಿಂದ ನಾವು ಭಾನುವಾರಕ್ಕೆ ಕಾಯುವುದನ್ನು ಬಿಟ್ಟೆವು. ದಿನವೂ ರಾತ್ರಿ ಊಟದ ಹೊತ್ತಿಗೆ ಐದು ನಿಮಿಷ ಫೋನು. ಊಟದ ಎಲೆಯ ಮುಂದೆ ಕನ್ನಡ ಬಿಟ್ಟು ಬೇರೆ ಮಾತಿಲ್ಲವೆಂದು ಮನೆಯಲ್ಲಿ ನೇಮ ಮಾಡಿದೆವು. ಮೊದಲು ನೇಮ ಮುರಿದವರು ನಾವೇ ಎಂಬುದನ್ನು ಒಪ್ಪಿಕೊಳ್ಳುತ್ತೇವೆ.

ಮಗಳು ಮೊದಮೊದಲು ಸುಮ್ಮನಿರುತ್ತಿದ್ದಳು. ತಾಯಿಯವರಿಗೆ ಈಚೆಗೆ ಕಿವಿ ಮಂದ. ಒಂದೇ ಮಾತನ್ನು ಎರಡು ಸಲ ಹೇಳಬೇಕು. ಅದೂ ಒಳ್ಳೆಯದೇ ಆಯಿತು. ಎರಡು ಸಲ ಹೇಳಿದ ಮಾತು ಬಾಯಿಗೆ ಹತ್ತುತ್ತದೆ. ಆಡ್ಲರರ ಮೊದಲನೆಯ ಮಾತನ್ನು ನಾವು ಮರೆತಿಲ್ಲ: ಅಂತರ ಮಿತಿಯೊಳಗಿರುವಾಗಲೇ ಶ್ರುತಿ ಹಿಡಿಯಬೇಕು. ಇವಳಿಗಿನ್ನೂ ಒಂಬತ್ತು, ಅಜ್ಜಿಗೆ ಎಪ್ಪತ್ತೆಂಟು.

ಕಾರ್ತಿಕದ ಒಂದು ರಾತ್ರಿ ತಾಯಿಯವರು ಎಂದಿನಂತೆ, "ಊಟಾ ಆತೇನವಾ?" ಎಂದು ಕೇಳಿದರು. ಮಗಳು ತುತ್ತು ನುಂಗಿ, ಫೋನಿನ ಹತ್ತಿರ ಬಾಯಿ ತಂದು, ಗಟ್ಟಿಯಾಗಿ, "ಆತ್ರೀ ಅಜ್ಜೀ. ನಿಮ್ದು?" ಎಂದಳು. ಆ ಕಡೆ ಕೊಂಚ ಹೊತ್ತು ಮಾತಿಲ್ಲ. ಎಳೆ ಮತ್ತೆ ಕಡಿಯಿತೋ ಏನೋ ಎಂದು ನಾವು ಬಗ್ಗಿ ನೋಡಿದೆವು. ಕಡಿದಿರಲಿಲ್ಲ, ತಾಯಿಯವರು ಸೆರಗಿನಿಂದ ಕಣ್ಣೊರಸಿಕೊಳ್ಳುತ್ತಿದ್ದರು.